ಒಂದೇ ಕಾಗುಣಿತ, ಎರಡು ಬಾಯಿ: ಹಡಪಸರದ ಬಳಕೆದಾರರಿಗೊಂದು ಕೈಪಿಡಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ವಿಜಯಪುರದಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸು ಹತ್ತಿ, ಸೊಲ್ಲಾಪುರ ದಾಟಿ, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ನೀವು ಪುಣೆಯ ಹಡಪಸರದಲ್ಲಿ ಇಳಿದಿದ್ದೀರಿ. ಕಂಡಕ್ಟರು ‘ಗಾಡಿತಳ, ಗಾಡಿತಳ’ ಎಂದು ಕೂಗಿದಾಗ ನಿಮ್ಮ ಚೀಲ, ಹಾಸಿಗೆ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿಯ ಜೊತೆಗೆ ಇನ್ನೊಂದು ಸಾಮಾನೂ ಕೆಳಗಿಳಿದಿದೆ. ಅದು ನಿಮ್ಮ ಇಂಗ್ಲಿಷು. ಊರಲ್ಲಿ ಅದು ಹಾಳೆಯ ಮೇಲೆ ತೆಪ್ಪಗೆ ಕೂತು ಅಂಕ ತರುತ್ತಿತ್ತು. ಇಲ್ಲಿ ಅದನ್ನು ಬಾಯಿಯಲ್ಲಿ ಇಟ್ಟುಕೊಂಡು ತಿರುಗಬೇಕು.

ಈ ಕೈಪಿಡಿ ಇಡೀ ಯಂತ್ರದ ಬಗ್ಗೆ ಅಲ್ಲ, ಅದರ ಒಂದು ಬಿಡಿಭಾಗದ ಬಗ್ಗೆ: ಬರೆದರೆ ಒಂದೇ, ಅಂದರೆ ಎರಡು, ಅಂದ ಮೇಲೆ ಅರ್ಥವೂ ಎರಡು ಆಗುವ ಪದಗಳು. ಪಂಡಿತರು ಇವಕ್ಕೆ ಗ್ರೀಕಿನಿಂದ ಹೆಟರೊನಿಮ್ ಎಂಬ ಹೆಸರು ತಂದಿದ್ದಾರೆ. ಅದನ್ನು ಕನ್ನಡಿಸಲು ಹೋದರೆ ಸಂಸ್ಕೃತದಲ್ಲಿ ಇನ್ನೊಂದು ನಾಲಿಗೆ ಮುರಿಯುವ ಪದ ಹುಟ್ಟುತ್ತದೆ. ಆದ್ದರಿಂದ ಇಲ್ಲಿ ‘ಎರಡು ಬಾಯಿಯ ಪದ’ ಎಂದು ಕರೆಯಲಾಗಿದೆ. ಎರಡು ನಾಲಿಗೆಯ ಮನುಷ್ಯರಿಗಿಂತ ಇವು ಕಡಿಮೆ ಅಪಾಯಕಾರಿ, ಆದರೆ ಸಂದರ್ಶನದ ಕೋಣೆಯಲ್ಲಿ ಹೆಚ್ಚು ಅಪಾಯಕಾರಿ.

ಮುಖ್ಯ ಎಚ್ಚರಿಕೆ: ವಾಕ್ಯ ಮುಗಿಯುವವರೆಗೆ ಬಾಯಿ ತೆರೆಯಬೇಡಿ.

ಪೆಟ್ಟಿಗೆಯೊಳಗೆ ಏನೇನಿದೆ

ಪೆಟ್ಟಿಗೆ ತೆರೆದ ಕೂಡಲೇ ಮೇಲುಗಡೆ ಸಿಗುವುದು ಎಲ್, ಇ, ಎ, ಡಿ. ಇದನ್ನು ಲೀಡ್ ಎಂದರೆ ಮುನ್ನಡೆಸು. ಲೆಡ್ ಎಂದರೆ ಸೀಸ. ನಾನು ಬಿ.ಎಸ್ಸಿ. ರಸಾಯನಶಾಸ್ತ್ರದವನು. ಈ ನಾಲ್ಕು ಅಕ್ಷರ ನನಗೆ ಮೊದಲು ಪರಿಚಯವಾದದ್ದೇ ಮೂಲಧಾತುಗಳ ಪಟ್ಟಿಯಲ್ಲಿ, 82ನೆಯ ಮನೆಯಲ್ಲಿ. ಹೀಗಾಗಿ ನನ್ನ ಮೊದಲ ಸಂದರ್ಶನದಲ್ಲಿ, ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಕೇಳಿದಾಗ, ಎದೆಯುಬ್ಬಿಸಿ ‘ಟೀಮ್ ಲೆಡ್’ ಎಂದೆ. ಇಡೀ ತಂಡದ ಸೀಸವಾಗುವ ಆಸೆ! ಭಾರ, ಮಂಕು, ಸ್ವಲ್ಪ ವಿಷ. ಆಮೇಲೆ ನನಗೆ ಸಿಕ್ಕ ಒಂದೆರಡು ಮೇಲಧಿಕಾರಿಗಳನ್ನು ನೆನೆದರೆ ಆ ಉತ್ತರ ಅಷ್ಟೇನೂ ತಪ್ಪಿರಲಿಲ್ಲ.

ಅದರ ಕೆಳಗೆ ಆರ್, ಇ, ಎ, ಡಿ. ಓದು ಎನ್ನುವಾಗ ರೀಡ್, ಓದಿದೆ ಎನ್ನುವಾಗ ರೆಡ್. ಓದದವನೂ ಓದಿದವನೂ ಹಾಳೆಯ ಮೇಲೆ ಒಂದೇ ಥರ ಕಾಣುತ್ತಾರೆ ಎಂಬ ಸತ್ಯವನ್ನು ಇಂಗ್ಲಿಷಿನವರು ಎಷ್ಟು ಹಿಂದೆಯೇ ಒಪ್ಪಿಕೊಂಡಿದ್ದಾರೆ ನೋಡಿ. ಲಂಡನ್ನಿನ ಪಶ್ಚಿಮಕ್ಕೆ ಇದೇ ಪದದಿಂದ ಹುಟ್ಟಿದಂತೆ ಕಾಣುವ ಒಂದು ಊರಿದೆ. ಬರೆಯುವುದು ಓದುವಿಕೆ ಎಂಬಂತೆ, ಕರೆಯುವುದು ರೆಡಿಂಗ್. ಅಲ್ಲಿಗೆ ಆನ್‌ಸೈಟ್ ಹೋಗುವವರು ಟಿಕೆಟ್ ಮಾಡಿಸುವ ಮೊದಲು ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನು ಕಚೇರಿಗೆ ಬೇಕಾದವು. ಸ್ಪ್ರೆಡ್‌ಶೀಟಿನಲ್ಲಿ ಆರ್, ಓ, ಡಬ್ಲ್ಯೂ ಎಂದರೆ ರೋ, ಸಾಲು. ಆ ಸಾಲುಗಳಲ್ಲಿ ಒಂದನ್ನು ಯಾರೋ ಅಳಿಸಿದ ಮೇಲೆ ಆಗುವುದು ರೌ, ಜಗಳ. ಟಿಕೆಟ್ ಮುಚ್ಚಿದರೆ ಕ್ಲೋಜ್, ಮುಚ್ಚುವ ಹತ್ತಿರ ಬಂದಿದ್ದರೆ ಕ್ಲೋಸ್. ನೀವು ಕಳಿಸುವ ಬಯೋಡೇಟಾ ರೆಸ್ಯುಮೆ, ಕೆಲಸ ಬಿಟ್ಟು ಮನೆಯಲ್ಲಿ ಕೂತವನು ಮತ್ತೆ ಶುರುಮಾಡುವುದು ರಿಸ್ಯೂಮ್. ಫ್ರೆಂಚರು ಮೊದಲನೆಯದರ ತಲೆಯ ಮೇಲೆ ಎರಡು ಪುಟ್ಟ ಗೀಟು ಇಟ್ಟು ಕಳಿಸಿದ್ದರು. ದಾರಿಯಲ್ಲಿ ಕೀಬೋರ್ಡು ಅವನ್ನು ನುಂಗಿತು. ಬಟ್ಟೆ ಹರಿದರೆ ಟೇರ್, ಹರಿದದ್ದಕ್ಕೆ ಅತ್ತರೆ ಟಿಯರ್. ಗಾಯ ವೂಂಡ್, ಅದರ ಸುತ್ತ ಬಟ್ಟೆ ಸುತ್ತಿದ ಕ್ರಿಯೆ ವೌಂಡ್. ಉಳಿದವನ್ನು ನೀವೇ ಕಾಲಿಗೆ ಎಡವಿಕೊಂಡು ಕಂಡುಕೊಳ್ಳುತ್ತೀರಿ.

ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಬೇಕು. ಎಂ, ಐ, ಎನ್, ಯು, ಟಿ, ಇ. ಮಿನಿಟ್ ಎಂದರೆ ನಿಮಿಷ, ಮೈನ್ಯೂಟ್ ಎಂದರೆ ಅತಿ ಸಣ್ಣದು. ಇವು ಆಕಸ್ಮಿಕವಾಗಿ ಒಂದೇ ಅಂಗಿ ತೊಟ್ಟವರಲ್ಲ, ಒಡಹುಟ್ಟಿದವರು. ಹಳೆಯ ಖಗೋಳಜ್ಞರು ಲ್ಯಾಟಿನ್ನಿನಲ್ಲಿ ಡಿಗ್ರಿಯನ್ನು 60 ಪಾಲು ಮಾಡಿ ಅದನ್ನು ‘ಮೊದಲ ಸಣ್ಣ ಪಾಲು’ ಎಂದರು. ಅದನ್ನು ಮತ್ತೆ 60 ಮಾಡಿ ‘ಎರಡನೆಯ ಸಣ್ಣ ಪಾಲು’ ಎಂದರು. ಮೊದಲನೆಯದರಲ್ಲಿ ‘ಸಣ್ಣ’ ಉಳಿದು ಮಿನಿಟ್ ಆಯಿತು, ಎರಡನೆಯದರಲ್ಲಿ ‘ಎರಡನೆಯ’ ಉಳಿದು ಸೆಕೆಂಡ್ ಆಯಿತು. ಸಭೆಯ ನಡಾವಳಿಯನ್ನೂ ಮಿನಿಟ್ಸ್ ಎನ್ನುತ್ತಾರೆ. ಎರಡು ತಾಸು ನಡೆದ ಸಭೆಯಲ್ಲಿ ನಿಜವಾಗಿ ಆದದ್ದು ಎಷ್ಟು ಎಂದು ನೋಡಿದರೆ ಮೈನ್ಯೂಟ್ಸ್ ಎಂದು ಓದಿದರೂ ನಡೆಯುತ್ತದೆ.

ಜೋಡಿಸುವ ಸ್ಥಳ

ಈ ಪದಗಳು ಹೀಗೇಕೆ ಎಂದು ತಿಳಿಯಲು ಆಷಾಢದ ಹೊತ್ತಿಗೆ ಗಾಡಿತಳದಲ್ಲಿ ಒಂದು ದಿನ ನಿಲ್ಲಬೇಕು. ಆಳಂದಿಯಿಂದ ಬಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ಬಂದ ತುಕಾರಾಮರ ಪಾಲಖಿ, ಎರಡೂ ಪುಣೆಯಲ್ಲಿ ತಂಗಿ ಒಂದೇ ದಿನ ಹೊರಟು ಒಂದೇ ರಸ್ತೆಯಲ್ಲಿ ಹಡಪಸರಕ್ಕೆ ಬರುತ್ತವೆ. ದೂರದಿಂದ ನೋಡುವವನಿಗೆ ಅದೇ ಭಗವಾ ಪತಾಕೆ, ಅದೇ ತಾಳ, ಅದೇ ತುಳಸಿಕಟ್ಟೆ ಹೊತ್ತ ಹೆಂಗಸರು. ಗಾಡಿತಳ ಬಂದ ಮೇಲೆಯೇ ತಿಳಿಯುವುದು: ಜ್ಞಾನೇಶ್ವರರು ಬಲಕ್ಕೆ ಹೊರಳಿ ದಿವೇ ಘಾಟು ಹತ್ತಿ ಸಾಸವಡಕ್ಕೆ, ತುಕಾರಾಮರು ಸೊಲ್ಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರಕ್ಕೆ. ಯಾವ ಪಾಲಖಿ ಯಾವುದು ಎಂದು ಹೇಳಬೇಕಾದರೆ ಮುಂದಿನ ಊರು ಗೊತ್ತಿರಬೇಕು.

ಇಂಗ್ಲಿಷಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಅಲ್ಲಿ ಬೇರೆ ಬೇರೆ ಊರಿನಿಂದ ಹೊರಟ ಪದಗಳು ಒಂದೇ ಕಾಗುಣಿತದಲ್ಲಿ ಬಂದು ಸಿಕ್ಕಿಹಾಕಿಕೊಂಡವು. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಹಾಕಿದ್ದು 1476ರಲ್ಲಿ. ಅಚ್ಚಿನ ಮೊಳೆಗಳು ಕಾಗುಣಿತವನ್ನು ಮೆಲ್ಲಗೆ ಗಟ್ಟಿ ಮಾಡುತ್ತ ಹೋದವು. ಅದೇ ಕಾಲಕ್ಕೆ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಆ ಪಲ್ಲಟ ಹೆಚ್ಚುಕಡಿಮೆ 1400ರಿಂದ 1700ರ ತನಕ ನಡೆಯಿತು. ಹಾಳೆ ನಿಂತಿತು, ಬಾಯಿ ಮುಂದೆ ಹೋಯಿತು. ಸೀಸದ ಪದದಲ್ಲಿ ದೀರ್ಘ ಸ್ವರ ಗಿಡ್ಡವಾಯಿತು, ಮುನ್ನಡೆಸುವ ಪದದಲ್ಲಿ ದೀರ್ಘವಾಗಿಯೇ ಉಳಿದು ‘ಈ’ ಆಯಿತು, ಬರೆಯುವಾಗ ಇಬ್ಬರಿಗೂ ಹಳೆಯದೇ ಅಂಗಿ. ಮನೆ ಬದಲಿಸಿದ ಮೇಲೂ ಆಧಾರ್ ಕಾರ್ಡಿನಲ್ಲಿ ಹಳೆಯ ವಿಳಾಸ ಇಟ್ಟುಕೊಂಡವರ ಪಾಡು ಅದು.

ಗೆರಾರ್ಡ್ ನೋಲ್ಸ್ಟ್ ಟ್ರೆನಿಟೆ ಎಂಬ ಡಚ್ಚರೊಬ್ಬರು ಈ ಅವ್ಯವಸ್ಥೆಯನ್ನೇ ಸಾಲುಸಾಲಾಗಿ ಪ್ರಾಸಕ್ಕೆ ಕೂರಿಸಿ 1920ರಲ್ಲಿ ಒಂದು ಉದ್ದನೆಯ ಪದ್ಯ ಪ್ರಕಟಿಸಿದರು. ಇಂಗ್ಲಿಷಿನ ಮೇಲೆ ಇಷ್ಟು ಚೆನ್ನಾಗಿ ಸಿಟ್ಟಾಗಲು ಪರಕೀಯರೇ ಬೇಕು.

ಒತ್ತುವ ಗುಂಡಿ

ಕೆಲವು ಪದಗಳಿಗೆ ಸ್ವರ ಬದಲಿಸುವುದೂ ಬೇಡ, ಒತ್ತು ಸರಿಸಿದರೆ ಸಾಕು. ಇಲ್ಲಿ ಕನ್ನಡದ ಗ್ರಾಹಕರಿಗೆ ವಿಶೇಷ ಸೂಚನೆ. ನಮಗೆ ಒತ್ತು ಎಂದರೆ ಅಕ್ಷರದ ಕೆಳಗೆ ಬರುವುದು. ಅವರಿಗೆ ಒತ್ತು ಎಂದರೆ ಅಕ್ಷರದ ಮೇಲೆ ಬೀಳುವುದು. ನಮ್ಮ ಕಿವಿಗೆ ಷಟ್ಪದಿಯ ಕಾಲದಿಂದ ಲಘು, ಗುರು ಎಣಿಸಿ ರೂಢಿ. ಯಾವ ಅಕ್ಷರ ಎಷ್ಟು ಹೊತ್ತು ಎಂದು ನಾವು ಕೇಳುತ್ತೇವೆ, ಯಾವ ಅಕ್ಷರಕ್ಕೆ ಎಷ್ಟು ಪೆಟ್ಟು ಎಂದು ಕೇಳುವುದಿಲ್ಲ. ಹೀಗಾಗಿ ‘ರೆಕಾರ್ಡ್’ ಎನ್ನುವಾಗ ದೀರ್ಘವಾದ ‘ಕಾ’ ಮೇಲೆಯೇ ನಮ್ಮ ಭಾರವೆಲ್ಲ ಬೀಳುತ್ತದೆ. ಅದು ಧ್ವನಿ ಮುದ್ರಿಸು ಎನ್ನುವ ಕ್ರಿಯೆಗೆ ಸರಿ. ದಾಖಲೆ ಎನ್ನುವ ನಾಮಪದ ಬೇಕಾದರೆ ‘ರೆ’ ಮೇಲೆ ಗುದ್ದಿ, ಮುಂದಿನದನ್ನು ಉಗುಳಿನಂತೆ ನುಂಗಬೇಕು.

ಸಾಮಾನ್ಯ ನಿಯಮ: ಹೆಸರಾದರೆ ಮುಂದೆ ಒತ್ತಿ, ಕೆಲಸವಾದರೆ ಹಿಂದೆ ಒತ್ತಿ. ಹಾಜರಿ ಕರೆಯುವಾಗ ನೀವು ಪ್ರೆಜೆಂಟ್, ಸ್ಲೈಡು ತೋರಿಸುವಾಗ ನೀವು ಪ್ರಿಜೆಂಟ್ ಮಾಡುತ್ತೀರಿ. ಪ್ರೋಗ್ರಾಮಿನೊಳಗೆ ಇರುವುದು ಆಬ್ಜೆಕ್ಟ್, ಅದನ್ನು ನೋಡಿ ಕ್ಲೈಂಟು ಮಾಡುವುದು ಅಬ್ಜೆಕ್ಟ್. ಪಾಸ್‌ವರ್ಡು ಇನ್‌ವ್ಯಾಲಿಡ್ ಆದರೆ ಚಿಂತೆಯಿಲ್ಲ, ಮೊದಲಕ್ಷರಕ್ಕೆ ಒತ್ತು ಕೊಟ್ಟು ಇನ್ವಲಿಡ್ ಎಂದರೆ ಪಾಪ ಅದು ಹಾಸಿಗೆ ಹಿಡಿದ ರೋಗಿಯಾಗುತ್ತದೆ.

ಈ ಗುಂಡಿ ಮೊದಲಿನಿಂದ ಇರಲಿಲ್ಲ ಎಂಬುದು ಸ್ವಾರಸ್ಯ. ಪೀಟರ್ ಲೆವಿನ್ಸ್ ಎಂಬವರು 1570ರಲ್ಲಿ ಒತ್ತಿನ ಗುರುತು ಹಾಕಿ ಒಂದು ನಿಘಂಟು ಅಚ್ಚು ಹಾಕಿಸಿದರು. ಅದರಲ್ಲಿ ಹೀಗೆ ಒತ್ತು ಸರಿದಾಡುವ ಪದಗಳು ಮೂರೇ ಮೂರು: ರೆಕಾರ್ಡ್, ರೆಬೆಲ್, ಔಟ್‌ಲಾ. ಒಬ್ಬ ಬಂಡಾಯಗಾರ, ಒಬ್ಬ ಕಾನೂನುಭ್ರಷ್ಟ, ನಡುವೆ ಒಂದು ದಾಖಲೆ. ಪೊಲೀಸ್ ಠಾಣೆಯಿಂದಲೇ ಶುರುವಾದಂತಿದೆ. 1934ರ ಹೊತ್ತಿಗೆ ಅಂಥವು ಸುಮಾರು 150 ಆಗಿದ್ದವು. ಅಂದರೆ ಅವ್ಯವಸ್ಥೆ ಎಂದು ನಾವು ಬೈಯುವುದನ್ನು ಇಂಗ್ಲಿಷಿನವರು ಒಂದು ಸೌಕರ್ಯ ಎಂದುಕೊಂಡು ಬೆಳೆಸಿದ್ದಾರೆ.

ಸುರಕ್ಷತಾ ಸೂಚನೆ

ಹಡಪಸರದಲ್ಲಿ ಒಂದು ಪದವನ್ನು ಮಾತ್ರ ತಪ್ಪಿಯೂ ತಪ್ಪಾಗಿ ಹೇಳಕೂಡದು. ಎಲ್, ಐ, ವಿ, ಇ. ಬದುಕು ಎಂಬ ಕ್ರಿಯೆಗೆ ಲಿವ್, ಜೀವಂತ ಎಂಬ ಗುಣಕ್ಕೆ ಲೈವ್. ಕ್ರಿಕೆಟ್ಟಿನ ಲೈವ್ ಎಲ್ಲರಿಗೂ ಗೊತ್ತು. ಆದರೆ ಈ ಊರಿನ ಲೈವ್ ಬೇರೆ. ಸೈರಸ್ ಪೂನಾವಾಲಾ 1966ರಲ್ಲಿ ಇಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಅವರ ಮನೆತನದ್ದು ಕುದುರೆ ಸಾಕಣೆ. ಕುದುರೆಯ ರಕ್ತದಿಂದ ಧನುರ್ವಾಯು, ಹಾವಿನ ವಿಷದಂಥವಕ್ಕೆ ಮದ್ದಾಗುವ ಸೀರಮ್ ತೆಗೆಯುತ್ತಾರೆ, ಸಂಸ್ಥೆಯ ಹೆಸರು ಅಲ್ಲಿಯದು. ಇಲ್ಲಿ ತಯಾರಾಗುವ ದಡಾರದ ಲಸಿಕೆಯ ಶೀಶೆಯ ಮೇಲೆ ಈ ನಾಲ್ಕು ಅಕ್ಷರ ಇರುತ್ತದೆ. ಲೈವ್ ಲಸಿಕೆ ಎಂದರೆ ಒಳಗಿನ ವೈರಾಣು ಸತ್ತಿಲ್ಲ, ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆಸಿ ಅದರ ಹಲ್ಲು ಕಿತ್ತಿದ್ದಾರೆ. ಮೈಯೊಳಗೆ ಹೋಗಿ ಒಂದಿಷ್ಟು ಬೆಳೆಯುತ್ತದೆ, ರೋಗ ತರುವಷ್ಟಲ್ಲ, ಮೈಗೆ ಪಾಠ ಕಲಿಸುವಷ್ಟು. ಅದು ಶೀಶೆಯಲ್ಲೇ ಸಾಯದಂತೆ ತಣ್ಣಗಿಡಬೇಕು. 2021ರ ಜನವರಿ 12ರ ನಸುಕಿನಲ್ಲಿ ಕೋವಿಶೀಲ್ಡ್ ತುಂಬಿದ ಶೈತ್ಯ ಲಾರಿಗಳು ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಹೊರಟದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಅದು ಈ ಜಾತಿಯ ಲಸಿಕೆಯಲ್ಲ, ಆದರೆ ಅವತ್ತು ನೋಡಿದ್ದಂತೂ ಲೈವ್.

ಇದೇ ಹಡಪಸರದ ಕೈಗಾರಿಕಾ ವಸಾಹತಿನಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಲೇಖಕ ಐಸಾಕ್ ಅಸಿಮೋವ್ ಹೇಳಿದ ಉಪಾಯ ಅದು. ಒಂದು ಚೀಟಿಯಲ್ಲಿ ಯು, ಎನ್, ಐ, ಓ, ಎನ್, ಐ, ಜಡ್, ಇ, ಡಿ ಎಂದು ಬರೆದು ಕೊಡಿ. ‘ಯೂನಿಯನೈಜ್ಡ್’ ಎಂದು ಓದಿದವನು ಶಾಪ್ ಫ್ಲೋರಿನವನು, ಸಂಘ ಕಟ್ಟಿದ್ದಾನೆ. ‘ಅನ್-ಅಯನೈಜ್ಡ್’ ಎಂದು ಓದಿದವನು ಪ್ರಯೋಗಾಲಯದವನು, ಅಯಾನು ಆಗದ್ದನ್ನು ಹುಡುಕುತ್ತಿದ್ದಾನೆ. ಚೀಟಿ ಓದದೆ ಮೇಲೆ ಕೆಳಗೆ ನೋಡಿ ಮಡಚಿ ಕಿಸೆಗೆ ಹಾಕಿಕೊಂಡವನು ಮಾನವ ಸಂಪನ್ಮೂಲ ವಿಭಾಗದವನು.

ತಯಾರಿಕೆ ನಿಂತ ಮಾದರಿ

ಎಂ, ಓ, ಪಿ, ಇ, ಡಿ. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಲೂನಾ ಬಿಟ್ಟ ಮೇಲೆ ಈ ದೇಶದ ಮಾಸ್ತರರು, ಗುಮಾಸ್ತರು, ಹಾಲು ಹಾಕುವವರು ಏರಿ ಓಡಾಡಿದ ಪದ: ಮೊಪೆಡ್. ಮೋಟಾರಿನ ಮೊದಲು, ಪೆಡಲಿನ ತಲೆ ಸೇರಿಸಿ ಸ್ವೀಡನ್ನಿನವರು ಮಾಡಿದ್ದು. ಅದನ್ನೇ ಮೋಪ್ಟ್ ಎಂದು ಓದಿದರೆ ಮುಖ ಸಪ್ಪೆ ಮಾಡಿಕೊಂಡು ಕೂತ ಎಂದರ್ಥ. ಏರು ರಸ್ತೆಯಲ್ಲಿ ಲೂನಾದ ಎಂಜಿನ್ ಕೈಕೊಟ್ಟು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಪೆಡಲು ತುಳಿದವರಿಗೆ ಎರಡೂ ಅರ್ಥ ಒಟ್ಟಿಗೆ ಗೊತ್ತು.

ಕನ್ನಡ ಆವೃತ್ತಿಯ ಗ್ರಾಹಕರ ಗಮನಕ್ಕೆ

ಇಲ್ಲಿಗೆ ಬಂದ ಮೇಲೆ ನೀವು ಹೆಮ್ಮೆಯಿಂದ ನಗುತ್ತಿರುತ್ತೀರಿ. ನಮ್ಮಲ್ಲಿ ಇವೆಲ್ಲ ಇಲ್ಲಪ್ಪ, ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ, ಒಂದು ಚೀಟಿಯ ಪ್ರಸಂಗ ಆಗುವ ತನಕ.

ರವಿದರ್ಶನ್ ಸ್ಟಾಪಿನ ಹಿಂದಿನ ಓಣಿಯಲ್ಲಿ ನಾವು ಮೂವರು ಬಾಡಿಗೆಗಿದ್ದೆವು. ಒಬ್ಬನಿಗೆ ರಾತ್ರಿ ಪಾಳಿ. ಅವನ ಸೋದರಮಾವ ಬಂದು ಮಲಗಲು ಜಾಗ ಬೇಕೆಂದಿದ್ದರಿಂದ ನಾನು ಫ್ರಿಜ್ಜಿನ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ ಹೋದೆ: ‘ಹಾಲ್ ಖಾಲಿ ಇದೆ.’ ಸಂಜೆ ಬಂದು ನೋಡಿದರೆ ಮಾವ ಅಡುಗೆಮನೆಯಲ್ಲಿ ಮುದುಡಿಕೊಂಡು ಮಲಗಿದ್ದಾರೆ, ಫ್ರಿಜ್ಜಿನಲ್ಲಿ ಎರಡು ಲೀಟರ್ ಹಾಲು ಇದೆ. ಕಲಬುರಗಿಯ ನನ್ನ ಗೆಳೆಯ ಚೀಟಿಯನ್ನು ಬರೆದಂತೆಯೇ ಓದಿದ್ದ. ಅವನ ತಪ್ಪೇನೂ ಇಲ್ಲ. ಹಸುವಿನ ‘ಹಾಲ್’, ಮನೆಯ ‘ಹಾಲ್’ ಕನ್ನಡದ ಹಾಳೆಯ ಮೇಲೆ ಒಂದೇ. ಬಾಯಲ್ಲಿ ಮನೆಯದಕ್ಕೆ ತುಟಿ ಸ್ವಲ್ಪ ಗುಂಡಾಗಬೇಕು. ಆ ಗುಂಡು ತುಟಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ.

ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಹಡಪಸರದ ಬೋರ್ಡುಗಳು ಬೇರೆ ಥರ ಕಾಣತೊಡಗಿದವು. ಮರಾಠಿಯವರು ‘ಮಾಲ್’ ಬರೆಯುವಾಗ ಆಕಾರದ ಗೀಟಿನ ನೆತ್ತಿಗೊಂದು ಅರ್ಧಚಂದ್ರ ಇಡುತ್ತಾರೆ. ಹಾಲ್, ಕಾಲ್, ಆಫೀಸು, ಡಾಕ್ಟರ್, ಎಲ್ಲಕ್ಕೂ ಅದೇ ಚಂದ್ರ. ಆ ಚಂದ್ರ ಇಲ್ಲದಿದ್ದರೆ ಮರಾಠಿಯಲ್ಲಿ ಹಾಲ್ ಎಂದರೆ ಪಾಡು, ಫಜೀತಿ. ನಮ್ಮಲ್ಲಿ ಚಂದ್ರ ಹುಟ್ಟಲೇ ಇಲ್ಲ. ಆದ್ದರಿಂದ ‘ಕಾಲ್ ಬಂತು’ ಎಂದು ಬರೆದರೆ ಫೋನು ಬಂತೋ ನೆಟ್ಟಗಾದ ಕಾಲು ಬಂತೋ, ‘ಬಾಲ್ ಹಿಡಿ’ ಎಂದರೆ ಚೆಂಡೋ ದನದ ಬಾಲವೋ, ನೆರೆಹೊರೆಯ ಪದಗಳನ್ನು ಕೇಳಿಯೇ ತಿಳಿಯಬೇಕು. ‘ವ್ಯಾಸ’ರಿಗೂ ‘ವ್ಯಾನ್’ಗೂ ಒಂದೇ ಒತ್ತು, ಒಂದೇ ದೀರ್ಘ. ಮೊದಲನೆಯದನ್ನು ಎರಡನೆಯದರ ಹಾಗೆ ಓದಿದರೆ ಮಹಾಭಾರತ ಬರೆದವರು ಶಾಲೆಯ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಾರೆ. ಇವೆಲ್ಲ ಇಂಗ್ಲಿಷಿನ ಸಾಮಾನನ್ನು ಮನೆಗೆ ತಂದಾಗ ಜೊತೆಗೆ ಬಂದ ತಿಗಣೆಗಳು, ನಮ್ಮವಲ್ಲ ಎಂದು ವಾದಿಸಬಹುದು. ತಿಗಣೆ ಎಲ್ಲಿಂದ ಬಂತು ಎಂದು ಸಾಬೀತು ಮಾಡಿದರೆ ಕಡಿತ ನಿಲ್ಲುವುದಿಲ್ಲ.

ಮರಾಠಿಯೂ ತೀರಾ ಸಾಚಾ ಅಲ್ಲ. ಅವರ ‘ಜ’ಕ್ಕೆ ಎರಡು ಬಾಯಿ. ಆಟೋದವನು ‘ಜರಾ ಥಾಂಬಾ’ ಎಂದಾಗ ಆ ‘ಜ’ ಹಲ್ಲಿನ ಸಂದಿಯಿಂದ ದುಂಬಿಯ ಹಾಗೆ ಬರುತ್ತದೆ, ‘ಸ್ವಲ್ಪ ನಿಲ್ಲಿ’ ಎಂದರ್ಥ. ಅದನ್ನು ನಮ್ಮ ಶುದ್ಧ ‘ಜ’ದಲ್ಲಿ ಹೇಳಿದರೆ ಜರಾ ಎಂಬುದು ಸಂಸ್ಕೃತದ ಮುಪ್ಪು. ನಾನು ಮೊದಲ ವರ್ಷವೆಲ್ಲ ಪುಣೆಯ ಆಟೋಗಳಿಗೆ ‘ಮುಪ್ಪೇ, ನಿಲ್ಲು’ ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಒಂದೂ ನಿಲ್ಲುತ್ತಿರಲಿಲ್ಲ, ಮುಪ್ಪೂ ನಿಂತಿಲ್ಲ.

ಇಪ್ಪತ್ತಾರು ಅಕ್ಷರಗಳಲ್ಲಿ ಕನ್ನಡ ನಡೆಸುವ ವಿಧಾನ

ಅತಿ ಹೆಚ್ಚು ಅವಘಡ ಆಗುವುದು ಇಲ್ಲಿ. ಇಂಗ್ಲಿಷಿನ ಅಕ್ಷರದಲ್ಲಿ ನಮ್ಮ ಪದ ಬರೆಯುವುದು.

ಊರ ಹೆಸರಿನಿಂದಲೇ ತೊಡಗಿ. ಬ್ರಿಟಿಷರ ಪೂನಾ 1978ರಲ್ಲಿ ಕಾಗದದ ಮೇಲೆ ಪುಣೆ ಆಯಿತು: ಪಿ, ಯು, ಎನ್, ಇ. ಆದರೆ ಜೂನ್, ಟ್ಯೂನ್ ಓದಿದ ಪರದೇಶದ ಕ್ಲೈಂಟು ಅದೇ ರೂಢಿಯಲ್ಲಿ ಅದನ್ನು ಪ್ಯೂನ್ ಎನ್ನುತ್ತಾನೆ. ಇಡೀ ಊರನ್ನು ಕಚೇರಿಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದಂತೆ ಕೇಳುತ್ತದೆ. ಬಸ್ ನಿಲ್ದಾಣ ಸ್ವಾರಗೇಟ್. ಮರಾಠಿಯಲ್ಲಿ ಸ್ವಾರ ಎಂದರೆ ಕುದುರೆ ಸವಾರ. ಇಂಗ್ಲಿಷ್ ಬೋರ್ಡನ್ನು ನಮ್ಮೂರ ಕಣ್ಣು ಬೇರೆ ಕಡೆ ಮುರಿಯುತ್ತದೆ, ‘ಸ್ವರ್ಗ’ ಆದ ಮೇಲೆ ಉಳಿದದ್ದು ‘ಟೆ’. ಸಂಜೆ ಏಳಕ್ಕೆ ಅಲ್ಲಿ ಹಡಪಸರದ ಬಸ್ಸಿಗೆ ಕಾದವರು ಆ ಓದನ್ನು ಒಪ್ಪುವುದಿಲ್ಲ. ಮಗರಪಟ್ಟಾದ ಪಕ್ಕದಲ್ಲಿ ಸಾಡೇಸತರಾ ನಳಿ ಎಂಬ ಜಾಗವಿದೆ, ಹದಿನೇಳೂವರೆ ನಳಿ ಎಂಬ ಅರ್ಥದ ಹೆಸರು. ಇಂಗ್ಲಿಷಿನ ‘ಡಿ’ ಒಂದೇ ಅಕ್ಷರದಲ್ಲಿ ಡ, ದ ಎರಡನ್ನೂ ಹೊರುವುದರಿಂದ ಹೊಸಬರು ಅದನ್ನು ‘ಸಾದೇ’ ಎಂದು ಓದಿ, ಹದಿನೇಳರ ಅರ್ಧ ಬಿಟ್ಟು ಸಾದಾ ಹದಿನೇಳಕ್ಕೆ ಇಳಿಸುತ್ತಾರೆ.

ಈಗ ಮನೆಯ ಮಾತು. ನೀವು ವಾಟ್ಸ್ಆ್ಯಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಮನೆ’ ಎಂದು ಒತ್ತಿದರೆ ಇಂಗ್ಲಿಷಿನ ಕಣ್ಣಿಗೆ ಅದು ಮೇನ್, ಕುದುರೆಯ ಕೇಸರ. ‘ತಲೆನೋವು’ ಎಂದರೆ ಟೇಲ್‌ನೋವು, ಕಥೆ ಕೇಳಿ ಬಂದ ನೋವು. ‘ಹೊಳೆ’ ಎಂದರೆ ಹೋಲ್, ತೂತು. ‘ಬರೆ’ ಎಂದರೆ ಬೇರ್, ಬೆತ್ತಲೆ. ‘ಕಾಗದ ಬರೆ’ ಎಂದು ಮಗಳಿಗೆ ಸಂದೇಶ ಕಳಿಸಿದ ತಂದೆಯ ಗೌರವ ಉಳಿಯುವುದು ಓದುವವಳು ಕನ್ನಡದವಳಾಗಿದ್ದರೆ ಮಾತ್ರ. ಇನ್ನು ‘ಮಳೆ’. ಇಂಗ್ಲಿಷಿಗೆ ಅದು ಮೇಲ್, ಗಂಡಸು. ಮರಾಠಿಯವನ ಕಣ್ಣಿಗೆ ಅದೇ ನಾಲ್ಕು ಅಕ್ಷರ ಮಳೇ, ಅಂದರೆ ನೀರಾವರಿಯ ತೋಟಗಳು. ನೂರಕ್ಕೂ ಹೆಚ್ಚು ರೈತ ಕುಟುಂಬಗಳು 400ಕ್ಕೂ ಹೆಚ್ಚು ಎಕರೆ ಹೊಲ ಒಟ್ಟುಗೂಡಿಸಿ ಮಗರಪಟ್ಟಾ ಸಿಟಿ ಕಟ್ಟುವ ಮೊದಲು ಇಲ್ಲಿ ಕಬ್ಬು, ತರಕಾರಿಯ ಮಳೇ ಇದ್ದವು. ಈಗ ಅಲ್ಲಿ ಸೈಬರ್‌ಸಿಟಿಯ ಗಾಜಿನ ಗೋಡೆಗಳ ಮೇಲೆ ಮಳೆ ಬೀಳುತ್ತದೆ, ಒಳಗೆ ಕೂತವರು ಮೇಲ್ ನೋಡುತ್ತಾರೆ. ಎಂ, ಎ, ಎಲ್, ಇ: ಈ ಊರಿನ ಇತಿಹಾಸವೆಲ್ಲ ನಾಲ್ಕು ಅಕ್ಷರದಲ್ಲಿ ಅಡಗಿದೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಅನ್ನಿಸಿದ ದಿನ ಬೇಗ ಮಲಗುತ್ತೇನೆ.

ಯಂತ್ರದ ಜೊತೆ ಬಳಸುವಾಗ

ಫೋನಿಗೆ ಓದಿ ಹೇಳುವ ಬಾಯಿ ಬಂದ ಮೇಲೆ ಈ ತೊಂದರೆ ಎಂಜಿನಿಯರುಗಳ ತಲೆಗೂ ಬಂತು. ಬರಹ ನೋಡಿ ಮಾತಾಡುವ ಯಂತ್ರಕ್ಕೆ ಲೀಡ್ ಯಾವುದು, ಲೆಡ್ ಯಾವುದು ಎಂದು ಹೇಗೆ ಕಲಿಸುವುದು? 1990ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೇವಿಡ್ ಯಾರೋಸ್ಕಿ ಹಿಡಿದ ದಾರಿ ನಮ್ಮ ಓಣಿಯ ದಾರಿಯೇ: ಪದವನ್ನು ಕೇಳಬೇಡ, ಅಕ್ಕಪಕ್ಕದ ಮನೆಯವರನ್ನು ಕೇಳು. ಪಕ್ಕದಲ್ಲಿ ಸತುವು ಇದ್ದರೆ ಸೀಸ, ಪಕ್ಕದಲ್ಲಿ ತಂಡ ಇದ್ದರೆ ಮುಂದಾಳು. ಹೆಣ್ಣು ಗಂಡು ನೋಡಲು ಹೋಗುವ ಮೊದಲು ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇಷ್ಟೇ. ಎಡಬಲದ ಪದ ನೋಡುವ ಈ ಉಪಾಯ ಅಚ್ಚರಿಯಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎಡಬಲದವರೂ ವೇಷ ಮರೆಸಿಕೊಂಡವರಾದರೆ ಯಂತ್ರ ಏನು ಮಾಡೀತು? ಇಂಗ್ಲಿಷ್ ಅಂಗಿ ತೊಟ್ಟ ಕನ್ನಡದ ಸಾಲಿನಲ್ಲಿ ಎಲ್ಲ ಪದಗಳೂ ಪರವೂರಿನವೇ.

ದೋಷ ಮತ್ತು ಪರಿಹಾರ

ದೋಷ: ಸಭೆಯಲ್ಲಿ ತಪ್ಪಾಗಿ ಉಚ್ಚರಿಸಿದೆ, ಎಲ್ಲರೂ ನೋಡಿದರು. ಪರಿಹಾರ: ಅದೇ ತಪ್ಪನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿ. ಅವರಿಗೆ ತಮ್ಮ ಮೇಲೆಯೇ ಅನುಮಾನ ಬರುತ್ತದೆ.

ದೋಷ: ಯಾವ ಉಚ್ಚಾರ ಎಂದು ತೋಚುತ್ತಿಲ್ಲ. ಪರಿಹಾರ: ಕೆಮ್ಮಿ. ಪುಣೆಯ ಧೂಳಿನಲ್ಲಿ ಯಾರೂ ಶಂಕಿಸುವುದಿಲ್ಲ.

ದೋಷ: ಫೋನು ಮನೆಯ ಸಂದೇಶವನ್ನು ತಪ್ಪಾಗಿ ಓದುತ್ತಿದೆ. ಪರಿಹಾರ: ಇದಕ್ಕೆ ಪರಿಹಾರ ಸಿಕ್ಕಿಲ್ಲ. ಬದಲಿಗೆ ಒಂದು ಪ್ರಕರಣ ಕೊಡಲಾಗಿದೆ.

ಹೋದ ವರ್ಷ ಜೂನ್ ಮುಗಿಯುತ್ತ ಬಂದಿತ್ತು. ನಾನು ಹಳೆಯ ಕೆಲಸ ಬಿಟ್ಟು, ಹೊಸ ಕಂಪನಿಯೊಂದರ ಆಫರ್ ಪತ್ರಕ್ಕೆ ಕಾಯುತ್ತಿದ್ದೆ. ಮೇಲ್ ಬರುತ್ತದೆ, ಮೇಲ್ ಬರುತ್ತದೆ ಎಂದು ಅವರು ಮೂರು ವಾರದಿಂದ ಹೇಳುತ್ತಿದ್ದರು. ಅತ್ತ ಇಂಡಿ ತಾಲ್ಲೂಕಿನ ನಮ್ಮ ಊರಲ್ಲಿ ತೊಗರಿ ಬಿತ್ತಲು ಹೊಲ ಹರಗಿ ಆಕಾಶ ನೋಡುತ್ತಿದ್ದರು. ಅವ್ವನಿಗೆ ಬರೆಯಲು ಬರುವುದಿಲ್ಲ, ಅವಳ ಮಾತನ್ನು ಒಂಬತ್ತನೆಯ ಇಯತ್ತೆಯ ಅಳಿಯ ಟೈಪು ಮಾಡುತ್ತಾನೆ. ‘ಅಲ್ಲಿ ಮಳಿ ಬಂತೇನು ಕೇಳೋ’ ಎಂದಳಂತೆ ಅವ್ವ. ಅವನು ಓದಿದ ಹುಡುಗ. ‘ಮಳಿ’ ಹಳ್ಳಿಯ ಮಾತೆಂದು ಪುಸ್ತಕದ ಕನ್ನಡಕ್ಕೆ ತಿದ್ದಿ, ಇಂಗ್ಲಿಷ್ ಅಕ್ಷರದಲ್ಲಿ ‘ಮಳೆ ಬಂತಾ’ ಎಂದು ಒತ್ತಿ ಕಳಿಸಿದ. ಅವ್ವ ಅಂದದ್ದನ್ನು ಅಂದ ಹಾಗೇ ಒತ್ತಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ನಾನು ಆಗ ವೈದುವಾಡಿ ಹತ್ತಿರ ತುಂಬಿದ ಬಸ್ಸಿನಲ್ಲಿ ಎರಡೂ ಕೈಯಿಂದ ಸರಳು ಹಿಡಿದು ಜೋತಾಡುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನು. ಒಳಗಿದ್ದ ಇಂಗ್ಲಿಷ್ ಹೆಂಗಸು ಅವ್ವನ ಹೆಸರು ಹೇಳಿ, ಸ್ಪಷ್ಟವಾಗಿ ಓದಿದಳು: ‘ಮೇಲ್ ಬಂಟಾ.’

ಅವ್ವನಿಗೂ ನನ್ನ ನೌಕರಿಯದೇ ಚಿಂತೆ ಎಂದು ಕಣ್ಣಲ್ಲಿ ನೀರು ಬಂತು. ಇಳಿದ ಮೇಲೆ ಧ್ವನಿ ಸಂದೇಶ ಕಳಿಸಿದೆ: ‘ಇನ್ನೂ ಇಲ್ಲಬೇ. ಸೋಮವಾರ ನಕ್ಕಿ ಬರ್ತೈತಿ ಅಂದಾರ. ದೊಡ್ಡ ಸಾಹೇಬರ ಕಡಿಂದನ ಬರೂದೈತಿ.’

ಅವ್ವ ಅದನ್ನು ಓಣಿಗೆಲ್ಲ ಕೇಳಿಸಿದಳು. ಪುಣೆಯಲ್ಲಿ ಮಳೆಯ ಖಾತೆಯ ದೊಡ್ಡ ಸಾಹೇಬರು ಮಗನಿಗೆ ಗುರುತಿನವರು ಎಂದು ಸುದ್ದಿಯಾಯಿತು. ಪುಣೆಯಲ್ಲಿ ಹವಾಮಾನ ಇಲಾಖೆಯ ಕಚೇರಿ ಇರುವುದೂ ನಿಜವೇ, ಶಿವಾಜಿನಗರದಲ್ಲಿ. ಅದು ಸುದ್ದಿಗೆ ಬಲ ಕೊಟ್ಟಿತು. ನಾಲ್ಕು ಮನೆಯವರು ಬೀಜ ತಂದಿಟ್ಟುಕೊಂಡರು. ಸೋಮವಾರ ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿ, ಐದಕ್ಕೆ ಶುರುವಾಗಿ, ರಾತ್ರಿಯವರೆಗೆ ಹದವಾಗಿ ಹೊಯ್ದಿತು.

ಮಂಗಳವಾರ ಬೆಳಿಗ್ಗೆ ಅಳಿಯ ಇನ್ನೊಂದು ಸಂದೇಶ ಕಳಿಸಿದ. ಇಯರ್‌ಫೋನಿನ ಹೆಂಗಸು ಅದನ್ನು ಕಷ್ಟಪಟ್ಟು ಓದಿದಳು: ಮುಂದಿನ ಮೇಲ್ ಯಾವಾಗ, ಗೌಡರು ಕೇಳುತ್ತಿದ್ದಾರೆ.

ಮೊದಲನೆಯದೇ ಇನ್ನೂ ಬಂದಿಲ್ಲ. ಕಂಪನಿಯವರನ್ನು ಕೇಳಿ ತಿಳಿಸುತ್ತೇನೆ ಎಂದಿದ್ದೇನೆ.